ಊಟಿಯ ಹಳೆ ಹೋಟೆಲಿನಲ್ಲಿ ಟೀ ಕುಡಿಯುವ ಮುಂಚೆ ಬಿಲ್ ಯಾರದು ಅಂತ ಕೇಳಿ

ಊಟಿಗೆ ಹೋದಾಗ ಬ್ರಿಟಿಷರ ಕಾಲದ ಹೋಟೆಲಿನೊಳಗೆ ಕೂತು ಒಂದು ಕಪ್ ಟೀ ಕುಡಿಯಬೇಕು ಅನ್ನುವ ಆಸೆ ತುಂಬ ಜನರಿಗೆ ಇರುತ್ತದೆ. ತಪ್ಪೇನಿಲ್ಲ. ಅಲ್ಲಿ ರೂಮು ಮಾಡುವಷ್ಟು ದುಡ್ಡಿಲ್ಲದವರು ಆ ಕಟ್ಟಡವನ್ನು ಒಳಗಿನಿಂದ ನೋಡಲು ಇರುವ ದಾರಿ ಅದೊಂದೇ. ಆದರೆ ಹೋಟೆಲಿನೊಳಗೆ ಇರುವ ಕಾಫಿ-ಟೀ ಅಂಗಡಿ ಹೋಟೆಲಿನದೇ ಆಗಿರಬೇಕು ಅಂತೇನಿಲ್ಲ. ಜಾಗ ಬಾಡಿಗೆಗೆ ಹಿಡಿದು ಬೇರೆ ಯಾರೋ ನಡೆಸುತ್ತಿರಬಹುದು. ನಮ್ಮ ಕಷ್ಟವೆಲ್ಲ ಶುರುವಾಗಿದ್ದು ಅಲ್ಲಿಂದಲೇ. ಹೋಟೆಲಿನ ಹೆಸರು ಹೇಳುವುದಿಲ್ಲ. ಊಟಿಯಲ್ಲಿ ಇಂಥವು ಒಂದೆರಡಲ್ಲ.

ನಾನು, ನನ್ನ ಹೆಂಡತಿ, ಅತ್ತೆ ಹೋಗಿದ್ದೆವು. ಅತ್ತೆಯ ತವರು ಸಕಲೇಶಪುರದ ಕಡೆ. ಕಾಫಿ ತೋಟದ ಮಧ್ಯೆ ಬೆಳೆದವರು. ಇದನ್ನು ಯಾಕೆ ಹೇಳುತ್ತಿದ್ದೇನೆ ಅನ್ನುವುದು ಆಮೇಲೆ ಗೊತ್ತಾಗುತ್ತದೆ.

ಮೆನು ಕಾರ್ಡಿನ ಮೊದಲ ಎರಡು ಪುಟ ಪೂರ್ತಿ ಇತಿಹಾಸ. ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲ್ಲಿವನ್ 1820ರ ದಶಕದಲ್ಲಿ ಇಲ್ಲಿ ಕಲ್ಲಿನ ಮನೆ ಕಟ್ಟಿಸಿದ್ದು, ಬೇಸಿಗೆ ಬಂತೆಂದರೆ ಮದ್ರಾಸಿನ ಸರಕಾರವೇ ಬೆಟ್ಟ ಹತ್ತಿ ಬರುತ್ತಿದ್ದದ್ದು, ಮೈಸೂರು ಮಹಾರಾಜರು ಫರ್ನ್‌ಹಿಲ್‌ನಲ್ಲಿ ಅರಮನೆ ಇಟ್ಟುಕೊಂಡಿದ್ದದ್ದು. ಎಲ್ಲ ನಿಜ. ಆದರೆ ಅದಕ್ಕೂ ಈ ಅಂಗಡಿಗೂ ಏನೂ ಸಂಬಂಧ ಇಲ್ಲ. ಟೇಬಲ್ ಒರೆಸುತ್ತಿದ್ದ ಹುಡುಗ ನೀಲಗಿರಿಯ ಬಡಗ ಸಮುದಾಯದವನು. ಅವರ ಮಾತು ಕನ್ನಡಕ್ಕೆ ಎಷ್ಟು ಹತ್ತಿರ ಅಂದರೆ ಅತ್ತೆ ಎರಡೇ ನಿಮಿಷದಲ್ಲಿ ಅವನ ಊರು, ಮನೆ ಎಲ್ಲ ವಿಚಾರಿಸಿಬಿಟ್ಟರು. ಅವನೇ ಹೇಳಿದ: ಅಂಗಡಿ ಶುರುವಾಗಿದ್ದು ಕೋವಿಡ್ ಆದಮೇಲೆ. ಮೊದಲು ಇದು ಲಗೇಜ್ ಇಡುವ ಕೋಣೆ ಆಗಿತ್ತಂತೆ.

ಇಷ್ಟೆಲ್ಲ ಇತಿಹಾಸ ಅಚ್ಚು ಹಾಕಿಸಿದವರು ಬೆಲೆ ಮಾತ್ರ ಹಾಕಿರಲಿಲ್ಲ. ಬೆಲೆ ನೋಡಲು ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಬೇಕು. ಆ ದಪ್ಪ ಗೋಡೆಗಳ ಒಳಗೆ ನೆಟ್‌ವರ್ಕ್ ಇಲ್ಲ. ಕೇಳಿದರೆ 'ಎಲ್ಲ ನಾರ್ಮಲ್ ರೇಟೇ ಸರ್' ಅಂದರು. ಈ ಮಾತು ಎಲ್ಲಿ ಕೇಳಿಬಂದರೂ ಎದ್ದು ಹೊರಡಿ.

ಒಂದು ಪಾಟ್ 'ನೀಲಗಿರಿ ಆರ್ಥೊಡಾಕ್ಸ್' ಟೀ, ಒಂದು ಫಿಲ್ಟರ್ ಕಾಫಿ, ಒಂದು ಪ್ಲೇಟ್ ಸ್ಕೋನ್ (ಬನ್ನಿನಂಥ ತಿಂಡಿ) ಹೇಳಿದೆವು. ಬೆಳ್ಳಿ ಬಣ್ಣದ ಪಾಟ್ ಬಂತು. ಮುಚ್ಚಳದ ಸಂದಿಯಿಂದ ದಾರ ನೇತಾಡುತ್ತಿತ್ತು. ಟೀ ಬ್ಯಾಗ್! ಆರ್ಥೊಡಾಕ್ಸ್ ಟೀ ಅಂದರೆ ಎಲೆಯನ್ನು ಸುರುಳಿ ಸುತ್ತಿಸಿ ಒಣಗಿಸಿದ್ದು. ಬಿಸಿನೀರಿಗೆ ಬಿದ್ದರೆ ಎಲೆ ಬಿಚ್ಚಿಕೊಳ್ಳುವುದು ಕಣ್ಣಿಗೆ ಕಾಣುತ್ತದೆ. ನೀಲಗಿರಿಯಲ್ಲಿ ಆಗುವುದರಲ್ಲಿ ಜಾಸ್ತಿ ಪಾಲು ಸಿಟಿಸಿ, ಅಂದರೆ ಯಂತ್ರದಲ್ಲಿ ಅರೆದು ಕಾಳು ಕಾಳು ಮಾಡಿದ್ದು. ನಮ್ಮ ಮನೆಗಳಲ್ಲಿ ಹಾಲು ಹಾಕಿ ಕುದಿಸುವುದು ಅದನ್ನೇ, ಅದೇನು ಕೆಟ್ಟದ್ದಲ್ಲ. ಆದರೆ ಆರ್ಥೊಡಾಕ್ಸ್ ಅಂತ ಹೇಳಿ ದುಡ್ಡು ತಗೊಂಡು ಪುಡಿ ತುಂಬಿದ ಬ್ಯಾಗ್ ಕೊಡುವುದು ಮೋಸ.

ಅದೂ ಉಗುರುಬೆಚ್ಚಗಿತ್ತು. ಯಾಕೆ ಅಂದರೆ 'ಬೆಟ್ಟದ ಮೇಲೆ ನೀರು ಅಷ್ಟು ಬಿಸಿ ಆಗಲ್ಲ ಸರ್' ಅಂತ ಉತ್ತರ. ಇದರಲ್ಲಿ ಚೂರು ಸತ್ಯ ಇದೆ. ಊಟಿ ಇರುವುದು ಸುಮಾರು 2,240 ಮೀಟರ್ ಎತ್ತರದಲ್ಲಿ, ಅಲ್ಲಿ ನೀರು 92-93 ಡಿಗ್ರಿಗೇ ಕುದಿಯುತ್ತದೆ. ಆದರೆ 92 ಡಿಗ್ರಿ ನೀರು ಕೈ ಮೇಲೆ ಬಿದ್ದರೆ ಬೊಬ್ಬೆ ಏಳುತ್ತದೆ ಸ್ವಾಮಿ. ಪಾಪ, ಸಪ್ಪೆ ಟೀಗೆ ಬೆಟ್ಟ ಏನು ಮಾಡೀತು?

ಇನ್ನು ಕಾಫಿ. ಗೋಡೆ ಮೇಲೆ 'ನೂರಕ್ಕೆ ನೂರು ಅರೇಬಿಕಾ' ಅಂತ ಬೋರ್ಡ್, ಅಂದರೆ ಬರೀ ಅರೇಬಿಕಾ ತಳಿಯ ಕಾಫಿ, ಬೇರೇನೂ ಬೆರೆಸಿಲ್ಲ ಅಂತ. ಅತ್ತೆ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು. ಕೌಂಟರಿನಲ್ಲಿ ವಾಸನೆ ನೋಡಲು ಅಂತ ಅದೇ ಪುಡಿಯನ್ನು ಬಟ್ಟಲಲ್ಲಿ ಇಟ್ಟಿದ್ದರು. ಎದ್ದು ಹೋಗಿ ಒಂದು ಚಿಟಿಕೆ ತಂದು ಲೋಟದ ತಣ್ಣೀರಿನ ಮೇಲೆ ಉದುರಿಸಿದರು. ಬರೀ ಕಾಫಿ ಪುಡಿ ಆದರೆ ಸ್ವಲ್ಪ ಹೊತ್ತು ತೇಲುತ್ತದೆ. ಕಾಫಿಗೆ ಬೆರೆಸುವ ಚಿಕೋರಿ ಬೇರಿನ ಪುಡಿ ಕಂದು ಗೆರೆ ಎಳೆಯುತ್ತಾ ಕೂಡಲೇ ತಳಕ್ಕೆ ಇಳಿಯುತ್ತದೆ. ಆಹಾರ ಸುರಕ್ಷತಾ ಪ್ರಾಧಿಕಾರವೂ ಹೇಳಿಕೊಡುವ ಪರೀಕ್ಷೆ ಇದು. ನಮ್ಮ ಲೋಟದಲ್ಲಿ ಗೆರೆಗಳು ಮಳೆ ಬಿದ್ದಹಾಗೆ ಇಳಿದವು. ಬಡಗ ಹುಡುಗ ನೋಡುತ್ತಾ ನಿಂತಿದ್ದ, ನಗು ತಡೆಯಲು ಆಚೆ ತಿರುಗಿದ.

ಚಿಕೋರಿ ಬೆರೆಸುವುದು ಅಪರಾಧ ಅಲ್ಲ. ಎಷ್ಟೋ ಮನೆಗಳಲ್ಲಿ ಅದಿಲ್ಲದೆ ಡಿಕಾಕ್ಷನ್ ದಪ್ಪ ಬರುವುದಿಲ್ಲ ಅನ್ನುತ್ತಾರೆ. ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿ ಕನಿಷ್ಠ ಶೇ. 51 ಇರಬೇಕು, ಪ್ಯಾಕೆಟ್ ಮೇಲೆ ಎರಡರ ಪ್ರಮಾಣವನ್ನೂ ಬರೆಯಬೇಕು ಅನ್ನುವುದು ನಿಯಮ. ಬೆರೆಸಿ 'ನೂರಕ್ಕೆ ನೂರು' ಅನ್ನುವ ಹಾಗಿಲ್ಲ ಅಷ್ಟೆ.

ಈಗ ಬಿಲ್. ಟೀ 450, ಕಾಫಿ 380, ಸ್ಕೋನ್ 520. ನಾವು ಕೇಳದೆಯೇ ತಂದಿಟ್ಟ ಗಾಜಿನ ಬಾಟಲಿ ನೀರು 150. ನೀಲಗಿರಿ ಜಿಲ್ಲೆಯಲ್ಲಿ ಸಣ್ಣ ಪ್ಲಾಸ್ಟಿಕ್ ನೀರಿನ ಬಾಟಲಿಗೆ ನಿಷೇಧ ಇದೆ, ಒಳ್ಳೆಯದೇ. ಅದನ್ನೇ ನೆಪ ಮಾಡಿಕೊಂಡು ಗಾಜಿನ ಬಾಟಲಿ ಮಾರುತ್ತಾರೆ. ಒಟ್ಟು 1,500. ಅದರ ಮೇಲೆ ಶೇ. 10 ಸರ್ವಿಸ್ ಚಾರ್ಜ್ 150. ಅದನ್ನೂ ಸೇರಿಸಿ ಶೇ. 18 ಜಿಎಸ್‌ಟಿ 297. ಕೊಟ್ಟಿದ್ದು 1,947 ರೂಪಾಯಿ.

ಶೇ. 18 ಯಾಕೆ ಅಂತ ಕೇಳಬೇಡಿ, ಕೇಳಿದರೂ ಗೆಲ್ಲುವುದು ಕಷ್ಟ. ಮಾಮೂಲಿ ಹೋಟೆಲಿನಲ್ಲಿ ಶೇ. 5 ಇರುವ ತೆರಿಗೆ, ದಿನಕ್ಕೆ 7,500 ರೂಪಾಯಿಗಿಂತ ಜಾಸ್ತಿ ಬಾಡಿಗೆಯ ರೂಮುಗಳಿರುವ ದೊಡ್ಡ ಹೋಟೆಲಿನ ರೆಸ್ಟೋರೆಂಟಿನಲ್ಲಿ ಶೇ. 18 ಆಗುತ್ತದೆ. ಆದರೆ ಸರ್ವಿಸ್ ಚಾರ್ಜ್ ಬೇರೆ ಮಾತು. ಅದನ್ನು ಬಿಲ್ಲಿಗೆ ತಾನಾಗಿಯೇ ಸೇರಿಸುವ ಹಾಗಿಲ್ಲ ಅಂತ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳಿದೆ. ಹೋಟೆಲಿನವರ ಸಂಘಗಳು ಕೋರ್ಟಿಗೆ ಹೋದವು. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಪ್ರಾಧಿಕಾರದ ಮಾತನ್ನೇ ಎತ್ತಿಹಿಡಿಯಿತು. ಇಷ್ಟವಿದ್ದರೆ ಟಿಪ್ಸ್ ಕೊಡಿ, ಆ ಹುಡುಗನಿಗೆ ನಾವೂ ಕೊಟ್ಟೆವು.

ಸರ್ವಿಸ್ ಚಾರ್ಜ್ ತೆಗೆಯಿರಿ ಅಂದರೆ ಕ್ಯಾಷಿಯರ್ 'ಸಿಸ್ಟಮ್‌ನಲ್ಲಿ ಬರಲ್ಲ' ಅಂದ. ಹೋಟೆಲಿನ ರಿಸೆಪ್ಷನ್‌ಗೆ ಹೋದೆವು. ಅಲ್ಲಿದ್ದವರು ಬಿಲ್ ನೋಡಿ, ನಗುತ್ತಲೇ ವಾಪಸ್ ಕೊಟ್ಟರು. ಅದರ ತಲೆಯ ಮೇಲೆ ಇದ್ದದ್ದು ಬೇರೆ ಕಂಪನಿಯ ಹೆಸರು, ಬೇರೆ ಜಿಎಸ್‌ಟಿ ನಂಬರ್. 'ಅದು ನಮ್ಮದಲ್ಲ.' ಬಾಗಿಲಲ್ಲಿ ಹೋಟೆಲಿನ ಲಾಂಛನ, ಕಪ್ಪಿನ ಮೇಲೆ ಹೋಟೆಲಿನ ಚಿತ್ರ, ಹುಡುಗರ ಕೋಟಿನ ಮೇಲೂ ಅದೇ. ದೂರು ಹೇಳಲು ಹೋದರೆ ಮಾತ್ರ ಯಾರೂ ಇಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಇದನ್ನು ಬರೆಯುತ್ತಿರಲಿಲ್ಲವೇನೋ. ಬಿಲ್ ಬರುವ ಮೊದಲೇ ಹೆಂಡತಿ ಕೌಂಟರಿನಲ್ಲಿ ಚೆಂದದ ತಗಡಿನ ಡಬ್ಬಿ ನೋಡಿ ಕೊಂಡಿದ್ದಳು. 'ಫ್ರಾಸ್ಟ್ ಟೀ', 950 ರೂಪಾಯಿ. ಡಿಸೆಂಬರ್‌ನಿಂದ ಫೆಬ್ರವರಿವರೆಗಿನ ಚಳಿಯಲ್ಲಿ ಕೊಯ್ದ ನೀಲಗಿರಿ ಟೀಗೆ ಒಳ್ಳೆಯ ಪರಿಮಳ ಇರುತ್ತದೆ, ಬೆಲೆಯೂ ಜಾಸ್ತಿ. ಮನೆಗೆ ಬಂದು ಡಬ್ಬಿ ತೆಗೆದರೆ ರಟ್ಟಿನ ವಾಸನೆ. ಕೆಳಗಡೆ ಹೋಟೆಲಿನ ಚಿತ್ರವಿರುವ ದೊಡ್ಡ ಸ್ಟಿಕ್ಕರ್, ಅದರ ಮೇಲೆ 950. ಬಿಸಿ ಬಟ್ಟೆ ಒತ್ತಿ ಸ್ಟಿಕ್ಕರ್ ಕಿತ್ತೆ. ಅಡಿಯಲ್ಲಿ ಅಸಲಿ ಲೇಬಲ್: 75 ಗ್ರಾಂ, ಎಂಆರ್‌ಪಿ 600, ಪ್ಯಾಕ್ ಮಾಡಿ ಎರಡು ವರ್ಷದ ಮೇಲಾಗಿದೆ.

ಪ್ಯಾಕ್ ಮಾಡಿದ ಸಾಮಾನಿನ ಮೇಲೆ ತಯಾರಿಸಿದವರ ಅಥವಾ ಪ್ಯಾಕ್ ಮಾಡಿದವರ ವಿಳಾಸ, ತೂಕ, ತಯಾರಾದ ತಿಂಗಳು-ವರ್ಷ, ಎಲ್ಲ ತೆರಿಗೆ ಸೇರಿದ ಎಂಆರ್‌ಪಿ ಕಾಣಬೇಕು. ಸ್ಟಿಕ್ಕರ್ ಹಾಕಿ ಎಂಆರ್‌ಪಿ ಇಳಿಸಬಹುದು, ಏರಿಸುವ ಹಾಗಿಲ್ಲ. ಇಳಿಸುವಾಗಲೂ ಹಳೆ ಬೆಲೆ ಮುಚ್ಚಬಾರದು. ಹಾಗಾಗಿ ಡಬ್ಬಿ ಕೈಗೆತ್ತಿಕೊಂಡರೆ ಮೊದಲು ತಲೆಕೆಳಗು ಮಾಡಿ ನೋಡಿ. ಊಟಿಯಲ್ಲಿ ಟೀ ಪುಡಿ ಬೇಕೇ ಬೇಕು ಅಂದರೆ ತಮಿಳುನಾಡು ಸರಕಾರದ ಟ್ಯಾನ್‌ಟೀ ಮಳಿಗೆ ಇದೆ. ಶ್ರೀಲಂಕಾದಿಂದ ವಾಪಸ್ ಬಂದ ತಮಿಳರಿಗೆ ಕೆಲಸ ಕೊಡಲು ಶುರುವಾದ ತೋಟಗಳ ಟೀ ಅದು. ಡಬ್ಬಿ ಅಷ್ಟು ಚೆಂದ ಇಲ್ಲ.

ಬಿಲ್ ಮೇಲಿನ ಕಂಪನಿ ಹೆಸರು, ಜಿಎಸ್‌ಟಿ ನಂಬರ್, 14 ಅಂಕಿಯ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರದ) ನಂಬರ್ ಮೂರನ್ನೂ ಫೋಟೋ ತೆಗೆದುಕೊಳ್ಳಿ. ನಾವು ಬೆಂಗಳೂರಿಗೆ ಬಂದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿದೆವು. ಕನ್ನಡದಲ್ಲೇ ಮಾತಾಡಬಹುದು. ಕೆಲವು ವಾರದ ಮೇಲೆ ಸರ್ವಿಸ್ ಚಾರ್ಜ್ ಮತ್ತು ಅದರ ಮೇಲಿನ ತೆರಿಗೆ, ಒಟ್ಟು 177 ರೂಪಾಯಿ ಖಾತೆಗೆ ವಾಪಸ್ ಬಂತು. ಡಬ್ಬಿಯ 950 ಬಂದಿಲ್ಲ. ಅದಕ್ಕೆ ಅವರು ಕೊಟ್ಟಿದ್ದು ಬಿಲ್ ಅಲ್ಲ, ಮೇಲೆ 'ಎಸ್ಟಿಮೇಟ್' ಅಂತ ಬರೆದ ಬಿಳಿ ಚೀಟಿ. ಅದರಲ್ಲಿ ಕಂಪನಿ ಹೆಸರೂ ಇಲ್ಲ, ನಂಬರೂ ಇಲ್ಲ. ಅಂಥದ್ದು ಮಾರಿಯೇ ಇಲ್ಲ ಅಂತ ಅವರು ಉತ್ತರ ಕಳಿಸಿದ್ದಾರೆ. ದುಡ್ಡು ಹೋಗಿದ್ದಕ್ಕೆ ಯುಪಿಐ ದಾಖಲೆ ಇದೆ, ಕಿತ್ತ ಸ್ಟಿಕ್ಕರ್ ಇದೆ. ಎರಡನ್ನೂ ಸೇರಿಸಿ ಈಗ ತೂಕ, ಅಳತೆ, ಎಂಆರ್‌ಪಿ ನೋಡಿಕೊಳ್ಳುವ ಕಾನೂನು ಮಾಪನ ಇಲಾಖೆಗೆ ಬರೆದಿದ್ದೇವೆ.