12 ವಾರಗಳ ಎಸ್ಸೇ ಕೋರ್ಸ್ ಮುಗಿಸಿದೆ, ನನಗೆ ಅನ್ನಿಸಿದ್ದು ಇಷ್ಟು

ಅಕಾಡೆಮಿಕ್ ಎಸ್ಸೇ ಬರೆಯುವುದನ್ನು ಕಲಿಸುವ 12 ವಾರಗಳ ಆನ್‌ಲೈನ್ ಕೋರ್ಸ್ ಒಂದನ್ನು ಹೋದ ತಿಂಗಳು ಮುಗಿಸಿದೆ. ಸೇರುವ ಮುಂಚೆ ನಾನೂ ರಿವ್ಯೂ ಹುಡುಕಿದ್ದೆ. ಸಿಕ್ಕಿದ್ದೆಲ್ಲ "ಸೂಪರ್ ಕೋರ್ಸ್, ಎಲ್ಲರೂ ಸೇರಿ" ಅನ್ನುವ ಒಂದೊಂದು ಸಾಲು. ಅದರಿಂದ ಏನೂ ಗೊತ್ತಾಗಲಿಲ್ಲ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ನಾನು ವಿಜ್ಞಾನ ಓದಿದವಳು. ಲ್ಯಾಬ್ ರೆಕಾರ್ಡ್ ಬರೆದು ಅಭ್ಯಾಸ, ಲೆಕ್ಕ ಬಿಡಿಸಿ ಅಭ್ಯಾಸ. ಪಿಜಿಗೆ ಶಿಕ್ಷಣಶಾಸ್ತ್ರ ತೆಗೆದುಕೊಂಡ ಮೇಲೆ 2,000 ಪದಗಳ ಎಸ್ಸೇ ಬರೆಯಿರಿ ಅಂದಾಗ ಕೈಕಾಲೇ ಆಡಲಿಲ್ಲ. ಬರೆದುಕೊಟ್ಟ ಮೊದಲ ಎರಡೂ "ವಿವರಣೆ ಇದೆ, ವಾದ ಇಲ್ಲ" ಅನ್ನುವ ಷರಾ ಹೊತ್ತು ವಾಪಸ್ ಬಂದವು. ವಾದ ಅಂದರೆ ಏನು, ಅದನ್ನು ಎಲ್ಲಿಂದ ತರಬೇಕು ಅಂತ ಯಾರೂ ಹೇಳಿಕೊಟ್ಟಿರಲಿಲ್ಲ. ಅದನ್ನು ಹೇಳಿಕೊಟ್ಟದ್ದು ಈ ಕೋರ್ಸ್.

ವಾರಕ್ಕೆ ಎರಡು ವಿಡಿಯೊ, ಒಂದು ಬರಹ, ಆ ಬರಹದ ಮೇಲೆ ಟ್ಯೂಟರ್ ಟಿಪ್ಪಣಿ. ವಿಡಿಯೊಗಳು ಪರವಾಗಿಲ್ಲ, ಅಷ್ಟೆ. ಅಂಥವು ಯೂಟ್ಯೂಬಿನಲ್ಲೂ ಸಿಗುತ್ತವೆ. ಕೋರ್ಸಿನ ಜೀವ ಇರುವುದು ಟಿಪ್ಪಣಿಯಲ್ಲಿ.

ಮೊದಲ ವಾರ ನಾನು ತೆಗೆದುಕೊಂಡ ವಿಷಯ ತರಗತಿಯಲ್ಲಿ ಮೊಬೈಲ್. ಶುರು ಮಾಡಿದ್ದು ಹೀಗೆ: "ಇಂದಿನ ಆಧುನಿಕ ಯುಗದಲ್ಲಿ ಮೊಬೈಲ್ ಮಾನವನ ಜೀವನದ ಅವಿಭಾಜ್ಯ ಅಂಗವಾಗಿದೆ." ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಅಂತ ಮೂರು ಭಾಗ ಮಾಡಿ ಬರೆದು ಬೆಳೆದವರಿಗೆ ಈ ಸಾಲು ಬಾಯಿಪಾಠ ಅಲ್ವಾ? ನಮ್ಮ ಟ್ಯೂಟರ್ ಮೇಡಂ ಅದರ ಪಕ್ಕ ಒಂದೇ ಪ್ರಶ್ನೆ ಬರೆದಿದ್ದರು: "ಈ ಸಾಲು ತೆಗೆದರೆ ಪ್ರಬಂಧಕ್ಕೆ ಏನು ನಷ್ಟ?" ತೆಗೆದು ನೋಡಿದೆ. ಏನೂ ನಷ್ಟವಿಲ್ಲ. ಎರಡನೇ ಸಾಲು ತೆಗೆದೆ, ಮೂರನೆಯದು ತೆಗೆದೆ. ಕೊನೆಗೆ ಪೀಠಿಕೆಯಲ್ಲಿ ಉಳಿದದ್ದು ಒಂದು ಸಾಲು. ಆ ಸಂಜೆ ತುಂಬಾ ಬೇಜಾರಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಕಲಿಯೋಕೆ ಶುರು ಮಾಡಿದ್ದೂ ಅವತ್ತೇ.

ಮುಂದಿನ ಮೂರು ವಾರ ಪೂರ್ತಿ ಥೀಸಿಸ್ ಸ್ಟೇಟ್‌ಮೆಂಟ್ ಮೇಲೆ. ಅಂದರೆ ಇಡೀ ಪ್ರಬಂಧ ಯಾವ ಒಂದು ಮಾತಿಗಾಗಿ ನಿಂತಿದೆಯೋ ಆ ಮಾತು. ಒಂದೇ ವಾಕ್ಯಕ್ಕೆ ಮೂರು ವಾರ ಯಾಕೆ ಅಂತ ನನಗೂ ಅನ್ನಿಸಿತ್ತು. ಅವರ ಪರೀಕ್ಷೆ ಸರಳ: ನೀವು ಬರೆದದ್ದನ್ನು ಓದಿ ಬುದ್ಧಿವಂತರೊಬ್ಬರು "ಇಲ್ಲ, ನಾನು ಒಪ್ಪಲ್ಲ" ಅನ್ನಬಹುದಾ? "ಮೊಬೈಲಿನಿಂದ ಒಳಿತೂ ಇದೆ, ಕೆಡುಕೂ ಇದೆ" ಅಂದರೆ ಯಾರು ತಾನೇ ಇಲ್ಲ ಅಂತಾರೆ? ಆರು ಸಲ ತಿದ್ದಿದ ಮೇಲೆ ನಿಂತದ್ದು ಇದು: "ತರಗತಿಯಲ್ಲಿ ಮೊಬೈಲನ್ನು ಪೂರ್ತಿ ನಿಷೇಧಿಸುವುದಕ್ಕಿಂತ, ಯಾವ ಕೆಲಸಕ್ಕೆ ತೆಗೆಯಬೇಕು, ಯಾವಾಗ ಎತ್ತಿಡಬೇಕು ಎಂದು ಶಿಕ್ಷಕರು ಮೊದಲೇ ಹೇಳುವುದು ಹೆಚ್ಚು ಉಪಯೋಗ." ಇದನ್ನು ಒಪ್ಪದವರು ಖಂಡಿತ ಇದ್ದಾರೆ. ಒಪ್ಪದವರು ಇದ್ದಾರೆ ಅಂದ ಮೇಲೆ ನಾನು ಕಾರಣ ಕೊಡಬೇಕು, ಪುರಾವೆ ತರಬೇಕು, ಅವರ ಬಲವಾದ ಆಕ್ಷೇಪ ಯಾವುದೋ ಅದನ್ನು ನಾನೇ ಎತ್ತಿ ಉತ್ತರ ಹೇಳಬೇಕು. ಎಲ್ಲರೂ ಹೇಳುತ್ತಿದ್ದ "ವಾದ" ಅಂದರೆ ಇದೇ ಅಂತ ಗೊತ್ತಾದಾಗ ಬರೆಯುವ ಭಯ ಅರ್ಧ ಕಡಿಮೆಯಾಯಿತು.

ಇನ್ನೊಂದು, ಕರಡು ತಿದ್ದುವ ಪಾಠ. ಎಸ್ಸೇ ಅನ್ನುವ ಪದದ ಮೂಲ ಫ್ರೆಂಚ್, ಅಲ್ಲಿ ಅದಕ್ಕೆ ಪ್ರಯತ್ನ ಎಂದರ್ಥ. ಫ್ರೆಂಚ್ ಲೇಖಕ ಮಾಂಟೇನ್ 1580ರಲ್ಲಿ ತನ್ನ ಬರಹಗಳನ್ನು ಆ ಹೆಸರಲ್ಲೇ ಪ್ರಕಟಿಸಿದ. ಮೇಡಂ ಇದನ್ನು ಹೇಳಿ, "ಮೊದಲ ಕರಡು ನೀವು ಯೋಚನೆ ಮಾಡೋಕೆ, ಓದುಗರಿಗಲ್ಲ" ಅಂದರು. ಆಮೇಲೆ ಒಂದು ಕೆಲಸ ಕೊಟ್ಟರು. ಬರೆದು ಮುಗಿಸಿದ ಪ್ರಬಂಧದ ಪ್ರತಿ ಪ್ಯಾರಾ ಪಕ್ಕ, ಆ ಪ್ಯಾರಾ ಏನು ಹೇಳುತ್ತದೆ ಅಂತ ಒಂದೇ ಸಾಲಿನಲ್ಲಿ ಬರೆಯಬೇಕು. ನಂತರ ಆ ಸಾಲುಗಳನ್ನು ಮಾತ್ರ ಓದಬೇಕು. ರಿವರ್ಸ್ ಔಟ್‌ಲೈನ್ ಅಂತಾರೆ ಇದಕ್ಕೆ. ನನ್ನ ಒಂಬತ್ತು ಪ್ಯಾರಾಗಳಲ್ಲಿ ಮೂರು ಒಂದೇ ಮಾತು ಹೇಳುತ್ತಿದ್ದವು, ಒಂದರ ಪಕ್ಕ ಬರೆಯೋಕೆ ಏನೂ ಹೊಳೆಯಲಿಲ್ಲ. ಒಂಬತ್ತು ಇದ್ದದ್ದು ಆರಾಯಿತು. ಈಗ ಏನೇ ಬರೆದರೂ, ಕೊನೆಗೆ ಇದನ್ನು ಮಾಡದೆ ನಾನು ಕೊಡುವುದಿಲ್ಲ.

ಕೊರತೆಗಳೂ ಇವೆ. ಆಕರ ಸೂಚಿಸುವ ವಿಧಾನಕ್ಕೆ ಕೊಟ್ಟದ್ದು ಒಂದೇ ವಾರ. ಆಕರ ತೋರಿಸುವ ಪದ್ಧತಿಗಳಲ್ಲಿ ಒಂದಾದ ಎಪಿಎ (ಅಮೆರಿಕದ ಮನೋವಿಜ್ಞಾನ ಸಂಘದ) ಶೈಲಿ 1929ರಲ್ಲಿ ಶುರುವಾದಾಗ ಅದು ಜರ್ನಲ್ ಒಂದರಲ್ಲಿ ಬಂದ ಏಳು ಪುಟದ ಲೇಖನ. 2019ರಲ್ಲಿ ಬಂದ ಅದರ ಕೈಪಿಡಿಯ ಏಳನೇ ಆವೃತ್ತಿ 400 ಪುಟ ದಾಟಿದೆ. ಅದರ ಜೊತೆಗೆ ಎಂಎಲ್ಎ, ಶಿಕಾಗೊ ಅನ್ನುವ ಬೇರೆ ಶೈಲಿಗಳನ್ನೂ ಒಂದೇ ವಾರದಲ್ಲಿ ಓಡಿಸಿದರು. ಎಪಿಎಯಲ್ಲಿ ಲೇಖಕರ ಹೆಸರಿನ ಜೊತೆ ವರ್ಷ, ಎಂಎಲ್ಎಯಲ್ಲಿ ಹೆಸರಿನ ಜೊತೆ ಪುಟ. ಇಷ್ಟು ತಲೆಗೆ ಹೋಯಿತು, ಉಳಿದದ್ದನ್ನು ನಾನೇ ಕೂತು ಕಲಿತೆ. ಜೊಟೆರೊ ಅನ್ನುವ ಉಚಿತ ಸಾಫ್ಟ್‌ವೇರ್ 2006ರಿಂದಲೂ ಇದೆ, ಪುಸ್ತಕ, ಲೇಖನಗಳ ವಿವರ ಕೂಡಿಟ್ಟು ಪಟ್ಟಿ ತಾನೇ ಮಾಡಿಕೊಡುತ್ತದೆ. ಅದರ ಬಗ್ಗೆ ಕೋರ್ಸಿನಲ್ಲಿ ಒಂದು ಮಾತೂ ಬರಲಿಲ್ಲ. ಇದು ನಿಜಕ್ಕೂ ದೊಡ್ಡ ತಪ್ಪು.

ಆದರೆ ಅದೇ ವಾರ ಪ್ಯಾರಾಫ್ರೇಸ್, ಅಂದರೆ ಬೇರೆಯವರ ವಿಚಾರವನ್ನು ನಮ್ಮ ಮಾತಿನಲ್ಲಿ ಬರೆಯುವುದರ ಬಗ್ಗೆ ಹೇಳಿದ್ದು ಚಿನ್ನದಂಥ ಮಾತು. ಮೂಲದ ವಾಕ್ಯ ಹಾಗೇ ಇಟ್ಟು ಅಲ್ಲೊಂದು ಇಲ್ಲೊಂದು ಪದ ಬದಲಿಸಿದರೆ ಅದು ನಮ್ಮ ಬರಹ ಆಗುವುದಿಲ್ಲ. ಓದಿ, ಪುಸ್ತಕ ಮುಚ್ಚಿ, ಎದುರಿಗಿರುವವರಿಗೆ ಹೇಳುವ ಹಾಗೆ ಬರೆದು, ಆಮೇಲೆ ತೆರೆದು ಸರಿ ಇದೆಯಾ ನೋಡಬೇಕು. ಮಾತು ನಮ್ಮದಾದರೂ ವಿಚಾರ ಅವರದ್ದೇ, ಹಾಗಾಗಿ ಹೆಸರು ಹೇಳಲೇಬೇಕು.

ಸಹಪಾಠಿಗಳ ಬರಹ ಓದಿ ಅಭಿಪ್ರಾಯ ಹೇಳುವ ವಾರ ಮಾತ್ರ ಸುಮ್ನೆ ಹೋಯಿತು. ಏನು ನೋಡಬೇಕು ಅಂತ ಯಾರಿಗೂ ಹೇಳಿರಲಿಲ್ಲ. ಎಲ್ಲರೂ "ಚೆನ್ನಾಗಿದೆ" ಅಂತ ಬರೆದು ಕೈತೊಳೆದುಕೊಂಡರು. ನಡುವೆ ಒಮ್ಮೆ ಟಿಪ್ಪಣಿ ಬರೋದು 11 ದಿನ ತಡವಾಯಿತು, ಅಷ್ಟರಲ್ಲಿ ನಾನು ಮುಂದಿನ ಬರಹದಲ್ಲೂ ಅದೇ ತಪ್ಪು ಮಾಡಿ ಆಗಿತ್ತು.

ಯಾರಿಗೆ ಇದು ಬೇಡ? ನಾಳಿದ್ದು ಅಸೈನ್‌ಮೆಂಟ್ ಕೊಡಬೇಕು, ಬೇಗ ಮುಗಿದರೆ ಸಾಕು ಅನ್ನುವವರಿಗೆ ಬೇಡ. ವಾರಕ್ಕೆ ಆರೇಳು ಗಂಟೆ ಕೂರೋಕೆ ಆಗದವರಿಗೂ ಬೇಡ. ತಮ್ಮ ಬರಹವನ್ನು ಬೇರೆಯವರು ಸಾಲುಸಾಲಾಗಿ ಓದಿ ಪ್ರಶ್ನೆ ಕೇಳಲಿ ಅನ್ನುವ ಮನಸ್ಸಿದ್ದರೆ ಧಾರಾಳವಾಗಿ ಸೇರಿ. ಐದಕ್ಕೆ ನಾಲ್ಕು ಕೊಡುತ್ತೇನೆ, ಆ ನಾಲ್ಕರಲ್ಲಿ ಮೂರು ಮೇಡಂ ಟಿಪ್ಪಣಿಗೆ.

ಸೇರುವವರು ಮೊದಲ ವಾರದ ಕರಡನ್ನು ದಯವಿಟ್ಟು ಅಳಿಸಬೇಡಿ. ನಾನು ಇಟ್ಟುಕೊಂಡಿದ್ದೇನೆ, ಮೊನ್ನೆ ಅದನ್ನೂ ಕೊನೆಯದನ್ನೂ ಅಕ್ಕಪಕ್ಕ ತೆರೆದು ಓದಿದೆ. ಮೊದಲನೆಯದರಲ್ಲಿ ನಾನು ಏನು ಯೋಚಿಸುತ್ತೇನೆ ಅನ್ನುವುದು ಎಲ್ಲೂ ಇಲ್ಲ. ಮುಂದಿನ ಹಂತದಲ್ಲಿ ಲಿಟರೇಚರ್ ರಿವ್ಯೂ (ಒಂದು ವಿಷಯದ ಮೇಲೆ ಈಗಾಗಲೇ ಬಂದಿರುವ ಅಧ್ಯಯನಗಳ ವಿಮರ್ಶೆ) ಕಲಿಸುತ್ತಾರಂತೆ, ಅದಕ್ಕೂ ಹೆಸರು ಕೊಟ್ಟಿದ್ದೇನೆ. ಅದೇ ಮೇಡಂ ಸಿಗಲಿ ಅಂತ ಕೇಳಿಕೊಂಡು ಒಂದು ಮೇಲ್ ಕೂಡ ಹಾಕಿದ್ದೇನೆ.