ತಿಗರಿ, ಅಚ್ಚು, ಸುರುಳಿ: ಒಂದೇ ಒಲೆನ ಮೂರು ಥರ ಮಾಡಿ ನೋಡ್ದೆ

ಎರಡು ವರ್ಷ ಪೇಂಟಿಂಗ್ ಮಾಡಿ ಮೂರನೇ ವರ್ಷಕ್ಕೆ ಸೆರಾಮಿಕ್ಸ್ ತಗೊಂಡೆ. ಮನಸ್ಸಲ್ಲಿ ಇದ್ದಿದ್ದು ಒಂದೇ ವಿಷಯ, ನಮ್ಮಜ್ಜಿ ಒಲೆ. ತುಮಕೂರು ಕಡೆ ನಮ್ಮ ಹಳ್ಳಿಮನೇಲಿ ಅಜ್ಜಿ ತಾನೇ ಮಣ್ಣು ಕಲಸಿ ಒಲೆ ಹಾಕ್ತಿತ್ತು, ಮೂರು ಗುಂಡು ಎಬ್ಬಿಸಿ, ಮೇಲೆ ಸಾರಿಸಿದ್ರೆ ನಾಲ್ಕು ಬೆರಳಿನ ಅಲೆ ಹಾಗೇ ಉಳೀತಿತ್ತು. ಮನೆಗೆ ಟೈಲ್ಸ್ ಹಾಕ್ಸುವಾಗ ಅದನ್ನ ಒಡೆದು ಹಾಕಿದ್ರು. ಅದನ್ನ ಮತ್ತೆ ಮಾಡ್ಬೇಕು, ಒಲೆ ಥರಾನೇ ಅಲ್ದಿದ್ರೂ ಅದರ ನೆನಪು ಮಣ್ಣಲ್ಲಿ ಬರ್ಬೇಕು ಅಂತ ಆಸೆ. ಯಾವ ವಿಧಾನದಲ್ಲಿ ಅಂತ ಗೊತ್ತಿರ್ಲಿಲ್ಲ, ಹಾಗಾಗಿ ಮೂರರಲ್ಲೂ ಮಾಡ್ದೆ.

ಮೊದಲು ತಿಗರಿ, ಅಂದ್ರೆ ಕುಂಬಾರರ ಚಕ್ರ. ನಮ್ಮ ಸ್ಟುಡಿಯೋದಲ್ಲಿ ಇರೋದು ಕರೆಂಟಿನ ವೀಲ್. ಮಣ್ಣು ಚೆನ್ನಾಗಿ ನಾದಿ ಗಾಳಿ ತೆಗೆದು ನಡುಮಧ್ಯಕ್ಕೆ ನಿಲ್ಲಿಸೋದು, ಅಂದ್ರೆ ಸೆಂಟರಿಂಗ್, ಅದೊಂದಕ್ಕೇ ನಂಗೆ ಮೂರು ವಾರ ಹೋಯ್ತು. ತೋಳಿನ ಶಕ್ತಿ ಅಲ್ಲ ಅದು, ಮೊಣಕೈನ ತೊಡೆಗೆ ಊರಿ ಇಡೀ ಮೈ ಅಲುಗದ ಹಾಗೆ ಇದ್ರೆ ಮಾತ್ರ ಮಣ್ಣು ಸುಮ್ನಾಗುತ್ತೆ. ಆ ಸುಮ್ನಾಗೋ ಕ್ಷಣ ಎಷ್ಟು ಖುಷಿ ಕೊಡುತ್ತೆ ಅಂದ್ರೆ ಊಟ ಮರೆತು ಕೂತಿರ್ತಿದ್ದೆ. ಬೆಂಗಳೂರಿನ ಪಾಟರಿ ಟೌನಿಗೆ ಹೋಗಿ ಅಲ್ಲಿ ಹಣತೆ ಮಾಡೋರ ಪಕ್ಕ ನಿಂತು ನೋಡ್ದೆ, ಒಂದೇ ದೊಡ್ಡ ಮುದ್ದೆ ತಿಗರಿ ಮೇಲಿಟ್ಟು ಅದರ ತುದೀಲಿ ಒಂದಾದ ಮೇಲೊಂದು ಹಣತೆ ಎತ್ತಿ ದಾರದಲ್ಲಿ ಕತ್ತರಿಸ್ತಾ ಹೋಗ್ತಾರೆ, ನೋಡಿ ಮಾತೇ ಹೊರಡಲಿಲ್ಲ.

ಆದ್ರೆ ನನ್ನ ಕೆಲಸಕ್ಕೆ ತಿಗರಿ ಒಗ್ಗಲಿಲ್ಲ. ತಿರುಗೋ ಮಣ್ಣಿನ ಮೇಲೆ ಬೆರಳಿಟ್ರೆ ಗುರುತು ಸುತ್ತಾ ಒಂದೇ ಗೆರೆ ಆಗುತ್ತೆ, ಎಲ್ಲಿ ಒತ್ತಿದೆ ಎಲ್ಲಿ ಬಿಟ್ಟೆ ಅನ್ನೋದು ಉಳಿಯಲ್ಲ. ಹನ್ನೆರಡು ಬಟ್ಟಲು ಮಾಡ್ದೆ, ಎಲ್ಲಾ ಚೆನ್ನಾಗೇ ಬಂದ್ವು, ಕ್ಲಾಸಿನ ಬೇರೆಯವರ ಬಟ್ಟಲ ಜೊತೆ ಇಟ್ರೆ ನಂದು ಯಾವುದು ಅಂತ ನಂಗೇ ಹುಡುಕಬೇಕಿತ್ತು. ಒಲೆಗೆ ಬಾಯಿ ಬೇರೆ ಬೇಕಲ್ಲ, ಅದಕ್ಕೆ ತಿಗರೀಲಿ ಎತ್ತಿದ ತುಂಡುಗಳನ್ನ ಕತ್ತರಿಸಿ ಜೋಡಿಸ್ದೆ. ಬ್ರಿಟನ್ನಿನ ಕುಂಬಾರ ಹ್ಯಾನ್ಸ್ ಕೋಪರ್ ತಿಗರೀಲಿ ಮಾಡಿದ ಭಾಗಗಳನ್ನ ಸೇರಿಸಿ ಎಂಥೆಂಥ ಆಕಾರ ತಂದಿದಾರೆ, ಅದನ್ನ ನೋಡಿ ಧೈರ್ಯ ಬಂದಿತ್ತು. ನನ್ನ ತುಂಡುಗಳು ಒಂದು ಹಸಿ ಒಂದು ಒಣಗಿದ್ದು, ಕುಗ್ಗುವಾಗ ಬೇರೆ ಬೇರೆ ಅಳತೇಲಿ ಕುಗ್ಗಿ ಬೆಸುಗೆ ಎಲ್ಲಾ ಬಾಯಿಬಿಟ್ಟವು.

ಅಚ್ಚಿನ ಬಗ್ಗೆ ಹೆಚ್ಚು ಹೇಳೋದಿಲ್ಲ. ಪ್ಲಾಸ್ಟರ್ ಆಫ್ ಪ್ಯಾರಿಸ್ ಅಚ್ಚಿಗೆ ಗಂಜಿ ಥರದ ಮಣ್ಣು ಸುರಿದ್ರೆ ಅಚ್ಚು ನೀರು ಹೀರ್ಕೊಂಡು ಒಳಗೋಡೆಗೆ ಮಣ್ಣು ಕಟ್ಟುತ್ತೆ, ಇಪ್ಪತ್ತು ನಿಮಿಷ ಬಿಟ್ಟು ಮಿಕ್ಕಿದ್ದು ಹೊರಗೆ ಸುರಿದ್ರಾಯ್ತು. ಒಂದೇ ಥರದ ಐವತ್ತು ಬೇಕು ಅನ್ನೋರಿಗೆ ಇದಕ್ಕಿಂತ ಒಳ್ಳೇದು ಇಲ್ಲ. ನಾನು ಮೂಲದಲ್ಲಿ ಒತ್ತಿದ್ದ ಬೆರಳ ಗುರುತು ಅಚ್ಚಲ್ಲೂ ಬಂತು, ಆದ್ರೆ ಎಂಟನೇ ಒಲೇಲೂ ಅದೇ ಗುರುತು ಅದೇ ಜಾಗದಲ್ಲಿ ನೋಡಿದ ಮೇಲೆ ಮನಸ್ಸು ಒಪ್ಪಲಿಲ್ಲ, ಅಲ್ಲಿಗೆ ಬಿಟ್ಟೆ.

ಸುರುಳಿ, ಅಂದ್ರೆ ಕಾಯಿಲ್. ಮಣ್ಣನ್ನ ಹಗ್ಗದ ಹಾಗೆ ಹೊಸೆದು ಒಂದರ ಮೇಲೊಂದು ಸುತ್ತಿ, ಸೇರೋ ಕಡೆ ಫೋರ್ಕಲ್ಲಿ ಗೀರಿ, ಅದೇ ಮಣ್ಣಿನ ಕೆಸರು ಹಚ್ಚಿ, ಹೆಬ್ಬೆರಳಲ್ಲಿ ಕೆಳಕ್ಕೆ ಎಳೆದು ಬೆಸೀಬೇಕು. ಬಿರುಕು ಬಿಡದೇ ಇರಲಿ ಅಂತ ಹಳೇ ಹೆಂಚಿನ ಪುಡಿ ಕಲಸಿದ್ದೆ. ದಿನಕ್ಕೆ ನಾಲ್ಕೈದು ಸೆಂಟಿಮೀಟರಿಗಿಂತ ಎತ್ತರ ಏರ್ಸೋಕೆ ಆಗಲ್ಲ, ಕೆಳಗಿನದ್ದು ಗಟ್ಟಿಯಾಗೋವರೆಗೂ ಕಾಯ್ಬೇಕು, ರಾತ್ರಿ ಒದ್ದೆ ಬಟ್ಟೆ ಮೇಲೆ ಪ್ಲಾಸ್ಟಿಕ್ ಮುಚ್ಚಿ ಹೋಗ್ಬೇಕು. ಬಟ್ಟಲಿಗೆ ತಿಗರೀಲಿ ಇಪ್ಪತ್ತು ನಿಮಿಷ ಸಾಕಾದ್ರೆ ಈ ಒಲೆಗೆ ಒಂಬತ್ತು ದಿನ. ಆ ಒಂಬತ್ತೂ ದಿನ ನನ್ನ ಹೆಬ್ಬೆರಳು ಎಲ್ಲೆಲ್ಲಿ ಓಡಾಡ್ತೋ ಎಲ್ಲಾ ಅಲ್ಲೇ ಉಳೀತು, ಬೇಜಾರಾಗಿದ್ದ ದಿನ ಒತ್ತಿದ್ದು ಕೂಡ ಕಾಣುತ್ತೆ.

ನಮ್ಮಲ್ಲಿ ಬಹಳ ಕಡೆ ಕುಂಬಾರರ ಮನೆ ಹೆಂಗಸ್ರು ಮಣ್ಣು ಹದ ಮಾಡ್ತಾರೆ, ಬಣ್ಣ ಬಳೀತಾರೆ, ತಿಗರಿ ಮಾತ್ರ ಗಂಡಸರದ್ದು ಅಂತ ಇಟ್ಟಿದಾರೆ. ಆದ್ರೆ ನೈಜೀರಿಯಾದ ಲಾಡಿ ಕ್ವಾಲಿ ಅನ್ನೋ ಹೆಂಗಸು ತಿಗರಿ ಇಲ್ಲದೆ ಸುರುಳೀಲೇ ಕಟ್ಟಿದ ದೊಡ್ಡ ದೊಡ್ಡ ನೀರಿನ ಮಡಕೆಗಳಿಂದ ಹೆಸರಾದೋರು, ಅಲ್ಲಿನ 20 ನೈರಾ ನೋಟಿನ ಹಿಂದೆ ಅವರ ಚಿತ್ರ ಇದೆ. ಕೀನ್ಯಾದಲ್ಲಿ ಹುಟ್ಟಿ ಬಾಲ್ಯದಲ್ಲಿ ಸ್ವಲ್ಪ ಕಾಲ ನಮ್ಮ ದೇಶದಲ್ಲೂ ಓದಿದ್ದ ಮ್ಯಾಗ್ಡಲೀನ್ ಒಡುಂಡೋ 1970ರ ದಶಕದಲ್ಲಿ ನೈಜೀರಿಯಾಗೆ ಹೋಗಿ ಇದೇ ಕೈಕೆಲಸ ಕಲಿತು, ಗ್ಲೇಜ್, ಅಂದ್ರೆ ಗಾಜಿನ ಥರದ ಲೇಪ, ಇಲ್ಲದೆ ಬರೀ ಉಜ್ಜಿ ಉಜ್ಜಿ ಹೊಳಪು ತರ್ತಾರೆ. ಇವರಿಬ್ಬರ ಕೆಲಸದ ಫೋಟೋ ನನ್ನ ಮೇಜಿನ ಮೇಲೆ ಅಂಟಿಸ್ಕೊಂಡಿದೀನಿ.

ಸುಲಭ ಅಂತೂ ಅಲ್ಲ. ಮೊದಲನೇ ಸುರುಳಿ ಒಲೆ ಕಿಲ್ನಲ್ಲಿ, ಅಂದ್ರೆ ಮಣ್ಣು ಸುಡೋ ಗೂಡಲ್ಲಿ, ಸಿಡಿದು ಚೂರಾಯ್ತು, ತಳ ಮೂರು ಸೆಂಟಿಮೀಟರ್ ದಪ್ಪ ಬಿಟ್ಟಿದ್ದೆ, ಒಳಗಿನ ತೇವ ಆವಿಯಾಗಿ ಹೊರಬರೋಕೆ ದಾರಿ ಸಿಗಲಿಲ್ಲ. ಕುಂಬಾರನಿಗೆ ವರುಷ ದೊಣ್ಣೆಗೆ ನಿಮಿಷ ಅಂತ ಚಿಕ್ಕೋಳಿದ್ದಾಗಿಂದ ಕೇಳಿದ್ದೆ, ಬೂದಿ ಬಣ್ಣದ ಆ ಚೂರು ಆರಿಸುವಾಗ ಅತ್ತುಬಿಟ್ಟೆ. ಎರಡನೇದಕ್ಕೆ ಗುಂಡುಗಳನ್ನ ಒಳಗಿಂದ ಟೊಳ್ಳು ಮಾಡ್ದೆ, ನೆರಳಲ್ಲಿ ಹದಿನೆಂಟು ದಿನ ಒಣಗಿಸ್ದೆ, ಕಿಲ್ನಲ್ಲಿ 600 ಡಿಗ್ರಿವರೆಗೂ ತುಂಬಾ ನಿಧಾನ ಏರಿಸ್ದೆ, ಯಾಕಂದ್ರೆ ಮಣ್ಣಿನ ಕಣದಲ್ಲೇ ಕಟ್ಟಿಕೊಂಡಿರೋ ನೀರು ಹೋಗೋದೂ ಅಲ್ಲಿಗೆ ಮುಂಚೆ, ಮಣ್ಣಲ್ಲಿರೋ ಕ್ವಾರ್ಟ್ಜ್ ಅನ್ನೋ ಖನಿಜ ಒಮ್ಮೆಲೇ ಹಿಗ್ಗೋದೂ 573ರ ಹತ್ರ. ಆಮೇಲೆ 950ಕ್ಕೆ ನಿಲ್ಲಿಸ್ದೆ.

ಸುಡೋದ್ರಲ್ಲೂ ಹೋಲಿಸಿ ನೋಡ್ದೆ. ಸ್ಟೋನ್‌ವೇರ್, ಅಂದ್ರೆ ಹೆಚ್ಚು ಶಾಖಕ್ಕೆ ಸುಡೋ ಮಣ್ಣಲ್ಲಿ ಮಾಡಿದ ಸಣ್ಣ ಒಲೆಗೆ ಗ್ಲೇಜ್ ಹಾಕಿ 1240ಕ್ಕೆ ಸುಟ್ರೆ ಕಲ್ಲಿನ ಹಾಗೆ ಗಟ್ಟಿ, ನೀರು ಜಿನುಗಲ್ಲ, ಆದ್ರೆ ಗ್ಲೇಜ್ ಕರಗಿ ಬೆರಳ ಅಲೆ ಎಲ್ಲಾ ತುಂಬಿಕೊಂಡುಬಿಡ್ತು. ಸುರುಳೀಲಿ ಕಟ್ಟಿದ ಈ ಕೆಂಪು ಮಣ್ಣಿನ ಒಲೆನ ಗುಂಡೀಲಿ ಮರದ ಹೊಟ್ಟು, ಬೆರಣಿ ಜೊತೆ ಹೊಗೇಲಿ ಇಟ್ಟೆ. ಗಾಳಿ ಸಿಕ್ಕ ಕಡೆ ಕೆಂಪಾಗೇ ಉಳೀತು, ಹೊಟ್ಟು ಒತ್ತಾಗಿ ತುಂಬಿದ್ದ ಬಾಯಿ ಕಡೆ ಕರ್ರಗಾಯ್ತು, ಮಸಿ ಹಿಡಿದ ಒಲೆ ಬಾಯಿ ಹೇಗಿರ್ತಿತ್ತೋ ಹಾಗೇ. ಇದರಲ್ಲಿ ನೀರು ನಿಲ್ಲಲ್ಲ, ಜೋರಾಗಿ ತಗುಲಿದ್ರೆ ಒಡೆಯುತ್ತೆ, ಆದ್ರೂ ನನ್ನ ಆಯ್ಕೆ ಇದೇ. ಕಪ್, ತಟ್ಟೆ ಮಾಡಿ ಮಾರ್ಬೇಕು ಅನ್ನೋರು ತಿಗರಿ, ಸ್ಟೋನ್‌ವೇರ್ ಕಲೀರಿ, ಅದರಲ್ಲಿ ಎರಡು ಮಾತಿಲ್ಲ. ಸೆಂಟರಿಂಗ್ ಕಲಿತಿದ್ದು ನಂಗೂ ಉಪಯೋಗಕ್ಕೆ ಬಂತು, ಮಣ್ಣು ಯಾವಾಗ ಸಾಕು ಅನ್ನುತ್ತೆ ಅನ್ನೋದು ಕೈಗೆ ಗೊತ್ತಾಗಿದ್ದು ಅಲ್ಲೇ.

ಕಳೆದ ತಿಂಗಳು ಒಲೆನ ಹಳೇ ಸೀರೇಲಿ ಸುತ್ತಿ ಊರಿಗೆ ತಗೊಂಡೋದೆ. ಅಜ್ಜಿ ಏನೂ ಹೇಳ್ದೆ ತೊಡೆ ಮೇಲೆ ಇಟ್ಕೊಂಡು ನನ್ನ ಬೆರಳ ಗುರುತಿನ ಮೇಲೆ ತನ್ನ ಬೆರಳಿಟ್ಟು ಸುಮಾರು ಹೊತ್ತು ಸವರ್ತಾ ಕೂತಿತ್ತು. ಆಮೇಲೆ, "ಎಡಗಡೆ ಗುಂಡು ತೆಳ್ಳಗಾಯ್ತು ಕಣವ್ವ, ದೊಡ್ಡ ಪಾತ್ರೆ ಇಟ್ರೆ ವಾಲುತ್ತೆ" ಅಂತು. ಈಗ ಕಟ್ತಿರೋದ್ರಲ್ಲಿ ಎಡಗಡೆ ಇನ್ನೊಂದು ಸುರುಳಿ ಜಾಸ್ತಿ ಇಟ್ಟಿದೀನಿ.