ಫೋಟೋದಲ್ಲಿ ಅಡ್ಡ ಬಂದದ್ದನ್ನು ಅಳಿಸಲು ಯಾವುದು ಒಳ್ಳೆಯದು? ಫೋನ್, ಗಿಂಪ್, ಫೋಟೋಶಾಪ್ ಹೋಲಿಕೆ

ಕರೆಂಟು ತಂತಿ, ನೀರಿನ ಬಾಟಲಿ, ಗುರುತಿಲ್ಲದ ಜನ... ಇವನ್ನೆಲ್ಲ ಫೋಟೋದಿಂದ ತೆಗೆಯಲು ಯಾವ ಸಾಫ್ಟ್‌ವೇರ್ ಬಳಸಬೇಕು ಎಂದು ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುವುದು ಒಂದೇ: ಅದರ ಹಿಂದೆ ಏನಿದೆ? ಆಕಾಶವಿದ್ದರೆ ಒಂದು ದಾರಿ, ಮರಳಿದ್ದರೆ ಇನ್ನೊಂದು, ಕಲ್ಲಿನ ಕೆತ್ತನೆಯಿದ್ದರೆ ಪೂರಾ ಬೇರೆಯದೇ ದಾರಿ. ಹಾಗಾಗಿ ಹಿನ್ನೆಲೆ ಬೇರೆ ಬೇರೆ ಇರುವ ಫೋಟೋಗಳನ್ನೇ ಆರಿಸಿಕೊಂಡೆ: ಮುಳ್ಳಯ್ಯನಗಿರಿಯ ದಾರಿಯಲ್ಲಿ ತಂತಿ ಹಾದ ಆಕಾಶ, ಕಾರವಾರದ ಕಡಲತೀರದಲ್ಲಿ ದೂರ ನಿಂತ ಇಬ್ಬರು, ಹಳೇಬೀಡಿನ ಹೊಯ್ಸಳೇಶ್ವರ ದೇವಸ್ಥಾನದ ಹೊರಗೋಡೆಯ ಬುಡದಲ್ಲಿ ಆನೆಸಾಲಿಗೆ ಒರಗಿಸಿಟ್ಟ ನೀಲಿ ಬ್ಯಾಗು.

ಮೊದಲು ಫೋನು. ಗೂಗಲ್ ಫೋಟೋಸ್‌ನ ಮ್ಯಾಜಿಕ್ ಇರೇಸರ್ 2021ರಲ್ಲಿ ಪಿಕ್ಸೆಲ್ 6 ಜೊತೆ ಬಂತು, 2024ರಿಂದ ಚಂದಾ ಕಟ್ಟದವರಿಗೂ ಸಿಗುತ್ತಿದೆ. ಆಕಾಶದ ತಂತಿಗೆ ಇದಕ್ಕಿಂತ ಸುಲಭದ್ದು ಬೇಡ. ಬೆರಳಲ್ಲಿ ಎಳೆದರೆ ತಂತಿ ಮಾಯ. ಕಡಲತೀರದ ಇಬ್ಬರೂ ಹೋದರು. ಆದರೆ ಇಲ್ಲಿ ಒಂದು ಮಾತು, ಯಾವ ಸಾಧನ ಬಳಸಿದರೂ ಅನ್ವಯಿಸುವುದು: ಆಳನ್ನು ಮಾತ್ರ ಗುರುತು ಮಾಡಿದರೆ ಸಾಲದು, ನೆರಳನ್ನೂ, ಒದ್ದೆ ಮರಳಿನಲ್ಲಿ ಬಿದ್ದ ಪ್ರತಿಬಿಂಬವನ್ನೂ ಸೇರಿಸಿ ಬಳಿಯಬೇಕು. ಮ್ಯಾಜಿಕ್ ಇರೇಸರ್‌ನಲ್ಲೇ ಕ್ಯಾಮಫ್ಲಾಜ್ ಎಂಬ ಆಯ್ಕೆಯೂ ಇದೆ. ಅದು ವಸ್ತುವನ್ನು ಅಳಿಸುವುದಿಲ್ಲ, ಕಣ್ಣಿಗೆ ಹೊಡೆಯುವ ಬಣ್ಣವನ್ನಷ್ಟೇ ಸುತ್ತಲಿನದಕ್ಕೆ ಹೊಂದಿಸುತ್ತದೆ. ದೂರದ ಕೆಂಪು ಛತ್ರಿ, ನೀಲಿ ಟಾರ್ಪಾಲಿನಂಥವಕ್ಕೆ ಅಳಿಸುವುದಕ್ಕಿಂತ ಇದೇ ವಾಸಿ.

ಗಿಂಪ್ ಬಿಟ್ಟಿ ಸಿಗುವ ಸಾಫ್ಟ್‌ವೇರ್. ಅದಕ್ಕೆ ರೀಸಿಂಥಸೈಜರ್ ಎಂಬ ಪ್ಲಗಿನ್ (ಹೆಚ್ಚುವರಿ ಸೌಲಭ್ಯ ಕೊಡುವ ಪುಟ್ಟ ಸಾಫ್ಟ್‌ವೇರ್) ಬೇರೆಯಾಗಿ ಹಾಕಿಕೊಳ್ಳಬೇಕು. ಬೇಡದ ವಸ್ತುವಿನ ಸುತ್ತ ಸೆಲೆಕ್ಷನ್ ಮಾಡಿ 'ಹೀಲ್ ಸೆಲೆಕ್ಷನ್' ಕೊಟ್ಟರೆ ಅಕ್ಕಪಕ್ಕದ ಚೂರುಗಳನ್ನು ಹೆಕ್ಕಿ ತಂದು ಖಾಲಿ ಜಾಗ ತುಂಬುತ್ತದೆ. ಚೂರುಗಳನ್ನು ಎಲ್ಲಿಂದ ತರಬೇಕು ಎಂದು ನಾವೇ ಹೇಳಬಹುದು: ಸುತ್ತಲಿಂದ, ಎಡಬಲದಿಂದ ಅಥವಾ ಮೇಲೆ ಕೆಳಗಿನಿಂದ. ಹಳೇಬೀಡಿನ ಗೋಡೆಗೆ ಎಡಬಲವನ್ನೇ ಆರಿಸಬೇಕು. ಏಕೆಂದರೆ ಅಲ್ಲಿನ ಪಟ್ಟಿಕೆಗಳು ಅಡ್ಡಡ್ಡವಾಗಿ ಓಡುತ್ತವೆ. ಎಲ್ಲಕ್ಕಿಂತ ಕೆಳಗೆ ಆನೆ, ಅದರ ಮೇಲೆ ಸಿಂಹ, ಅದರ ಮೇಲೆ ಬಳ್ಳಿ, ಆಮೇಲೆ ಕುದುರೆ ಸವಾರರು. ಮೇಲೆ ಕೆಳಗಿನಿಂದ ತಂದರೆ ಸಿಂಹದ ಪಾದ ಆನೆಯ ಬೆನ್ನಿಗೆ ಇಳಿಯುತ್ತದೆ.

ಫೋಟೋಶಾಪ್‌ನ ಕಂಟೆಂಟ್ ಅವೇರ್ ಫಿಲ್ ಮಾಡುವುದೂ ಬಹುಪಾಲು ಇದೇ ಕೆಲಸ. 2010ರ ಸಿಎಸ್5 ಆವೃತ್ತಿಯಲ್ಲಿ ಬಂದದ್ದು. ಈಗ ಅದಕ್ಕೆ ಪ್ರತ್ಯೇಕ ಕಿಟಕಿಯೇ ಇದೆ: ಎಲ್ಲಿಂದ ಹೆಕ್ಕುತ್ತೇನೆ ಎಂಬುದನ್ನು ಹಸಿರು ಬಳಿದು ತೋರಿಸುತ್ತದೆ, ಬೇಡದ ಕಡೆಯ ಹಸಿರನ್ನು ನಾವು ಬ್ರಷ್‌ನಿಂದ ಒರೆಸಿಬಿಡಬಹುದು, ಫಲಿತಾಂಶ ಪಕ್ಕದಲ್ಲೇ ಕಾಣುತ್ತದೆ. ಹುಲ್ಲು, ಜಲ್ಲಿ, ಗಾರೆ ಗೋಡೆಗಳಲ್ಲಿ ಗಿಂಪ್‌ಗೂ ಇದಕ್ಕೂ ನನಗೆ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ವೇಗ, ಹಿಡಿತ ಎರಡರಲ್ಲೂ ಫೋಟೋಶಾಪ್ ಮುಂದು. ತಿಂಗಳ ಬಾಡಿಗೆ ಕಟ್ಟುವಷ್ಟು ಕೆಲಸ ಇಲ್ಲದವರಿಗೆ ಗಿಂಪ್ ಧಾರಾಳ ಸಾಕು.

ಆದರೆ ಆನೆಸಾಲಿನ ಮುಂದೆ ಎರಡೂ ಒಂದೇ ಕಡೆ ಎಡವುತ್ತವೆ. ಹಳೇಬೀಡಿನ ಆನೆಗಳಲ್ಲಿ ಒಂದರಂತೆ ಇನ್ನೊಂದಿಲ್ಲ. ಸೊಂಡಿಲಿನ ತಿರುವು ಬೇರೆ, ಕಾಲಿಡುವ ಬಗೆ ಬೇರೆ. ಪಕ್ಕದಿಂದ ಹೆಕ್ಕಿ ತುಂಬುವ ಸಾಧನಕ್ಕೆ ಇದು ಗೊತ್ತಿಲ್ಲ. ಬ್ಯಾಗಿನ ಜಾಗದಲ್ಲಿ ಪಕ್ಕದ ಆನೆಯ ಅವಳಿಯನ್ನು ತಂದು ನಿಲ್ಲಿಸುತ್ತದೆ, ಕಲ್ಲಿನ ಮುಕ್ಕಿನ ಸಮೇತ.

ಜನರೇಟಿವ್ ಎಐ, ಅಂದರೆ ಇಲ್ಲದ ಚಿತ್ರವನ್ನು ತಾನೇ ಹೊಸದಾಗಿ ಸೃಷ್ಟಿಸುವ ಕೃತಕ ಬುದ್ಧಿಮತ್ತೆ, ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಒಂದು ಆನ್‌ಲೈನ್ ಸೇವೆಯಲ್ಲಿ ಅದೇ ಫೋಟೋ ಹಾಕಿದಾಗ ಬ್ಯಾಗು ಹೋಗಿ ಹೊಚ್ಚ ಹೊಸ ಆನೆಯೇ ಬಂತು. ಬೆಳಕು ಸರಿ, ಕಲ್ಲಿನ ಬಣ್ಣ ಸರಿ. ಝೂಮ್ ಮಾಡಿದರೆ ದಂತ ಸೊಂಡಿಲಿನೊಳಗೇ ಕರಗಿದೆ, ಕೊರಳ ಗಂಟೆಯ ಜಾಗದಲ್ಲಿ ಬಳ್ಳಿಯೋ ಹಗ್ಗವೋ ತಿಳಿಯದ ಒಂದು ಸುರುಳಿ. ಹೊಯ್ಸಳರ ಯಾವ ಶಿಲ್ಪಿಯೂ ಕೆತ್ತದ ಆನೆ ಅದು. ಮದುವೆ ಫೋಟೋದ ಹಿಂದಿನ ಪರದೆಗೋ ಅಂಗಡಿಯ ಜಾಹೀರಾತಿಗೋ ಇದನ್ನು ಬಳಸಿದರೆ ನನ್ನ ತಕರಾರಿಲ್ಲ. ಆದರೆ 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ದೇವಸ್ಥಾನದ ಗೋಡೆ ಎಂದು ಇಂಥ ಚಿತ್ರವನ್ನು ಹಂಚುವುದು ಸರಿಯಲ್ಲ. ನಾಳೆ ಅದನ್ನೇ ನೋಡಿ ಯಾರೋ ಪಾಠ ಮಾಡುತ್ತಾರೆ, ಯಾರೋ ರೇಖಾಚಿತ್ರ ಬರೆಯುತ್ತಾರೆ.

ಕೆತ್ತನೆಗೆ ನಾನು ನಂಬುವುದು ಕ್ಲೋನ್ ಟೂಲನ್ನು, ಅಂದರೆ ನಾವು ತೋರಿಸಿದ ಜಾಗದ ಚಿತ್ರವನ್ನು ಇದ್ದಂತೆಯೇ ನಕಲು ಮಾಡಿ ಬಳಿಯುವ ಬ್ರಷ್ಷನ್ನು, ಅದೂ ಅದೇ ಗೋಡೆಯ ಇನ್ನೊಂದು ಫೋಟೋದಿಂದ. ಎರಡು ಹೆಜ್ಜೆ ಪಕ್ಕಕ್ಕೆ ಸರಿದು ತೆಗೆದ ಫೋಟೋದಲ್ಲಿ ಬ್ಯಾಗಿನ ಹಿಂದಿನ ಆನೆ ಅರ್ಧಕ್ಕಿಂತ ಹೆಚ್ಚು ಕಾಣುತ್ತಿತ್ತು. ಗಿಂಪ್‌ನಲ್ಲಿ ಕಂಟ್ರೋಲ್ ಒತ್ತಿ ಆ ಆನೆಯ ಮೇಲೆ ಕ್ಲಿಕ್ ಮಾಡಿ, ಬ್ಯಾಗಿರುವ ಫೋಟೋದ ಮೇಲೆ ಹೊಸ ಖಾಲಿ ಲೇಯರಿನಲ್ಲಿ (ಪಾರದರ್ಶಕ ಹಾಳೆಯಂಥ ಪದರದಲ್ಲಿ) ಬಳಿಯುತ್ತಾ ಹೋದರಾಯಿತು. ನಿಧಾನದ ಕೆಲಸ, ಆದರೆ ಬಂದದ್ದು ನಿಜವಾದ ಆನೆ.

ಓಡಾಡುವ ಜನರೇ ಅಡ್ಡಿಯಾದರೆ ಅಳಿಸುವ ಗೋಜೇ ಬೇಡ. ಒಂದೇ ಕಡೆ ನಿಂತು, ಸ್ವಲ್ಪ ಸ್ವಲ್ಪ ಬಿಟ್ಟು ಹಲವು ಫೋಟೋ ತೆಗೆಯಿರಿ. ಫೋಟೋಶಾಪ್‌ನ ಸ್ಕ್ರಿಪ್ಟ್ಸ್ ಮೆನುವಿನಲ್ಲಿ ಸ್ಟಾಟಿಸ್ಟಿಕ್ಸ್ ಎಂಬುದಿದೆ. ಅಲ್ಲಿ ಮೀಡಿಯನ್ ಆರಿಸಿದರೆ ಅರ್ಧಕ್ಕಿಂತ ಹೆಚ್ಚು ಫೋಟೋಗಳಲ್ಲಿ ಇರುವುದು ಮಾತ್ರ ಉಳಿದು, ಹಾದುಹೋದವರೆಲ್ಲ ಅಳಿಯುತ್ತಾರೆ. ಟ್ರೈಪಾಡ್ ಇಲ್ಲದಿದ್ದರೂ ಚಿತ್ರಗಳನ್ನು ತಾನೇ ಜೋಡಿಸಿಕೊಳ್ಳುವ ಆಯ್ಕೆ ಅದರಲ್ಲೇ ಇದೆ. ದೇವಸ್ಥಾನದ ಜಗತಿಯ (ಕಟ್ಟೆಯ) ಮೇಲೆ ಕೂತು ಮಾತಾಡುತ್ತಿರುವವರು ಮಾತ್ರ ಹೋಗುವುದಿಲ್ಲ, ಅವರಿಗೆ ಮತ್ತೆ ಕ್ಲೋನ್ ಟೂಲೇ ಗತಿ.